ಗೌಜಲ, ಬುರ್ಲಿ ನೋಡುವವರಿಗೆ ಒಲಿಂಪಸ್ 8×40 ಬೈನಾಕ್ಯುಲರ್

ಚಿತ್ರದುರ್ಗದ ಜೋಗಿಮಟ್ಟಿಯ ಕುರುಚಲು ಕಾಡಿನಲ್ಲಾಗಲಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಸುತ್ತಲಾಗಲಿ ಗೌಜಲಹಕ್ಕಿ (ಗ್ರೇ ಫ್ರಾಂಕೋಲಿನ್), ಬುರ್ಲಿ (ಕ್ವೇಲ್) ಎಂಬ ನೆಲದ ಹಕ್ಕಿಗಳನ್ನು ನೋಡಬಯಸುವವರು ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಕೊಳ್ಳಬೇಕೋ, ಹತ್ತು ಪಟ್ಟಿನದೋ ಎಂದು ಕೇಳುತ್ತಾರೆ. ಒಲಿಂಪಸ್ 8×40 ಡಿಪಿಎಸ್ ಮಾದರಿಯನ್ನು (8 ಎಂದರೆ ಹಿಗ್ಗಿಸುವ ಪಟ್ಟು, 40 ಎಂದರೆ ಮುಂದಿನ ಮಸೂರದ ಅಗಲ, ಮಿಲಿಮೀಟರುಗಳಲ್ಲಿ) ಈ ಸೀಮೆಯಲ್ಲಿ ಬಳಸಿದ ಮೇಲೆ ನಾನು ನಿಸ್ಸಂಕೋಚವಾಗಿ ಎಂಟನ್ನೇ ಸೂಚಿಸುತ್ತೇನೆ.

ಕಾರಣ ಹಕ್ಕಿಯ ಸ್ವಭಾವದಲ್ಲಿದೆ. ಬುರ್ಲಿಗಳ ಗುಂಪು ನಮ್ಮ ಹೆಜ್ಜೆ ತೀರ ಹತ್ತಿರವಾಗುವವರೆಗೂ ಹುಲ್ಲಿನಲ್ಲಿ ಅವಿತಿದ್ದು, ಒಮ್ಮೆಲೇ ಭರ್ರನೆ ಎದ್ದು, ದಿಕ್ಕಿಗೊಂದರಂತೆ ಹಾರಿ, ಸ್ವಲ್ಪ ದೂರದಲ್ಲೇ ನೆಲಕ್ಕಿಳಿದು ಮರೆಯಾಗುತ್ತದೆ. ಗೌಜಲವಂತೂ ಹಾರುವುದಕ್ಕಿಂತ ಪೊದೆಯಿಂದ ಪೊದೆಗೆ ಓಡುವುದೇ ಹೆಚ್ಚು. ಆ ಕ್ಷಣದಲ್ಲಿ ಹಕ್ಕಿ ಕಣ್ಣಿಗೆ ಸಿಗಬೇಕಾದರೆ ದೃಷ್ಟಿಕ್ಷೇತ್ರ ಅಗಲವಾಗಿರಬೇಕು. ಇದರ ದೃಷ್ಟಿಕ್ಷೇತ್ರ 8.2 ಡಿಗ್ರಿ, ಅಂದರೆ 40 ಮೀಟರ್ ದೂರದಲ್ಲಿ ಸುಮಾರು 5.7 ಮೀಟರ್ ಅಗಲದ ನೆಲ ಒಟ್ಟಿಗೆ ಕಾಣುತ್ತದೆ. 6 ಡಿಗ್ರಿಯ 10×42ರಲ್ಲಿ ಅದು 4.2 ಮೀಟರಿಗೆ ಇಳಿಯುತ್ತದೆ. ಓಡುವ ಹಕ್ಕಿಯ ವಿಷಯದಲ್ಲಿ ಈ ಒಂದೂವರೆ ಮೀಟರ್ ಬಹಳ ದೊಡ್ಡದು. ಜೊತೆಗೆ, ಏರು ಹತ್ತಿ ಏದುಸಿರು ಬಿಡುವಾಗ ಹತ್ತು ಪಟ್ಟಿನದು ಕೈನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ.

ಗೌಜಲ ಜೋರಾಗಿ ಕೂಗುವ ನಸುಕಿನಲ್ಲೂ ಇದು ಕೈಬಿಡುವುದಿಲ್ಲ. ಕಣ್ಣಿಗೆ ಬರುವ ಬೆಳಕಿನ ವೃತ್ತ 5 ಮಿಲಿಮೀಟರ್ ಇರುವುದರಿಂದ ಗೌಜಲದ ಗಂಟಲನ್ನು ಸುತ್ತುವರಿದ ಸಣ್ಣ ಕಪ್ಪು ಗೆರೆ ಮಂದ ಬೆಳಕಿನಲ್ಲೂ ಗುರುತಿಗೆ ಸಿಗುತ್ತದೆ.

ಮಿತಿಗಳೂ ಇವೆ. ತೂಕ 710 ಗ್ರಾಂ, ಆದ್ದರಿಂದ ಅಗಲವಾದ ಪಟ್ಟಿ ಬೇಕೇ ಬೇಕು. ನೀರು ಒಳಹೋಗದಂತೆ ಮುಚ್ಚಿದ ರಚನೆಯಲ್ಲವಾದ್ದರಿಂದ ಮಳೆಗಾಲದಲ್ಲಿ ಜಾಗ್ರತೆ ಅಗತ್ಯ. 4 ಮೀಟರಿಗಿಂತ ಹತ್ತಿರದ್ದು ಸ್ಪಷ್ಟವಾಗದು. ಚಿಟ್ಟೆ ನೋಡುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ನಿಕಾನ್ ಮೊನಾರ್ಕ್ ಎಂ5 8×42 ಹಗುರ, ಜಲನಿರೋಧಕ. ಆದರೆ ಬೆಲೆ ಹೆಚ್ಚು, ದೃಷ್ಟಿಕ್ಷೇತ್ರ 6.4 ಡಿಗ್ರಿ ಮಾತ್ರ. ಈ ಹಕ್ಕಿಗಳಿಗಾಗಿ ನಾನು ಒಲಿಂಪಸ್ಸನ್ನೇ ಆರಿಸುತ್ತೇನೆ.

ಗೌಜಲ, ಬುರ್ಲಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಡಂಚಿನಲ್ಲಿ ಉರುಲು ಕಂಡರೆ ದಯವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಕೊಳ್ಳುವಾಗ ಅಂಗಡಿಯ ಹೊರಗೆ ನಿಂತು ದೂರದ ತಾರಸಿಯ ಅಂಚನ್ನು ಎರಡೂ ಕಣ್ಣುಗಳಿಂದ ನೋಡಿ. ಅಂಚು ಎರಡಾಗಿ ಕಂಡರೆ ಅಥವಾ ಕಣ್ಣು ಸೆಳೆದಂತಾದರೆ ಕೊಳವೆಗಳು ಒಂದೇ ನೇರದಲ್ಲಿಲ್ಲವೆಂದು ತಿಳಿದು ಬೇರೆಯದನ್ನು ಕೇಳಿ.