ಹಳೆಯ ಕ್ರೈಸ್ತ ಗ್ರಂಥವನ್ನು ಮರುಮುದ್ರಣಕ್ಕೆ ಕೊಡುವ ಮುಂಚೆ: ‘ಕೈಬಿಡನು’ ‘ಕೈಬಿಡುವನು’ ಆದ ಬಗೆ

ಮೂಲದಲ್ಲಿದ್ದ ಸಾಲು: "ದೇವರು ತನ್ನ ಜನರನ್ನು ಕೈಬಿಡನು." ಮರುಮುದ್ರಣವಾಗಿ ಬಂದ 500 ಪ್ರತಿಗಳಲ್ಲೂ ಇರುವ ಸಾಲು: "ದೇವರು ತನ್ನ ಜನರನ್ನು ಕೈಬಿಡುವನು." ಒಂದಕ್ಷರ ಸೇರಿದ್ದಷ್ಟೇ. ಸತ್ಯವೇದದಲ್ಲಿ (ಬೈಬಲ್) ಇಬ್ರಿಯರಿಗೆ ಬರೆದ ಪತ್ರದ 13:5ನ್ನು ಆಧಾರವಾಗಿಟ್ಟುಕೊಂಡು ಮೂಲ ಲೇಖಕ ಮೂರು ಪುಟ ವಾದಿಸಿದ್ದು ಒಂದೇ ಏಟಿಗೆ ತಲೆಕೆಳಗಾಯಿತು.

ಪುಸ್ತಕ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. ಮಂಗಳೂರಿನ ಮಿಷನ್ ಅಚ್ಚುಕೂಟದ ಕನ್ನಡ, ದೈವಶಾಸ್ತ್ರದ ವಿಷಯ, ಮರುಜೋಡಣೆಯಾದ ಮೇಲೆ ಡೆಮಿ 1/8 ಅಳತೆಯಲ್ಲಿ 384 ಪುಟ. "ಸ್ಕ್ಯಾನ್, ಟೈಪಿಂಗ್, ಭಾಷೆ ಸರಳ ಮಾಡುವುದು, ಮುದ್ರಣ, ಬೈಂಡಿಂಗ್ ಎಲ್ಲಾ ನಮ್ಮದೇ, ಆರು ವಾರದಲ್ಲಿ ಕೈಗೆ" ಎಂದು ಒಪ್ಪಿಕೊಂಡವರಿಗೆ ನಾವು ಕೊಟ್ಟ ಕೆಲಸ. ಯಾರೆಂದು ಇಲ್ಲಿ ಬೇಡ. ಇದೇ ಮಾತು ಹೇಳುವವರು ಊರಿಗೊಬ್ಬರಿದ್ದಾರೆ, ಹಳೆಯ ಪುಸ್ತಕ ಹಿಡಿದುಕೊಂಡು ಅವರ ಬಳಿಗೆ ಹೋಗುವ ಸಭೆಗಳೂ ಕುಟುಂಬಗಳೂ ಕಡಿಮೆಯಿಲ್ಲ. ಕೆಟ್ಟದ್ದು ಎಲ್ಲೆಲ್ಲಿ, ಯಾಕೆ, ಎಲ್ಲಿ ತಡೆಯಬಹುದಿತ್ತು ಎಂಬುದಷ್ಟೇ ಮುಂದಿರುವುದು.

ಮೊದಲು ಆ ‘ಕೈಬಿಡನು’ ವಿಷಯ. ಮಾಡನು, ಅರಿಯನು, ಬಾರನು, ಕೊಡರು: ಇವೆಲ್ಲ ನಿಷೇಧ ರೂಪಗಳು, ‘ಮಾಡನು’ ಎಂದರೆ ‘ಮಾಡುವುದಿಲ್ಲ’. "ತಾನೂ ತಿನ್ನ, ಪರರಿಗೂ ಕೊಡ" ಎಂದು ಇವತ್ತಿಗೂ ಆಡುತ್ತೇವಲ್ಲ, ಅದೇ. ಮಿಷನರಿ ಕಾಲದ ಕನ್ನಡದಲ್ಲಿ ಇವು ಪುಟಪುಟಕ್ಕೂ ಬರುತ್ತವೆ. ಡಿಟಿಪಿಯವರ ಕಾಗುಣಿತ ಪರೀಕ್ಷಕ ಅವುಗಳ ಕೆಳಗೆ ಕೆಂಪು ಗೆರೆ ಎಳೆಯಿತು, ಟೈಪ್ ಮಾಡುತ್ತಿದ್ದವರು "ವ ಬಿಟ್ಟುಹೋಗಿದೆ" ಎಂದುಕೊಂಡು ಸೇರಿಸಿದರು. ಆಮೇಲೆ ಹುಡುಕಿದಾಗ ಇಂಥವು 41 ಸಿಕ್ಕವು. 41 ಕಡೆ ‘ಇಲ್ಲ’ ಎಂಬುದು ‘ಹೌದು’ ಆಗಿತ್ತು. ಬೇರೆ ಅಚ್ಚಿನ ತಪ್ಪಾದರೆ ಓದುವವನು ಮುಗ್ಗರಿಸುತ್ತಾನೆ, ಇದರಲ್ಲಿ ಮುಗ್ಗರಿಸುವುದೇ ಇಲ್ಲ. ವಾಕ್ಯ ನುಣ್ಣಗೆ ಹೋಗುತ್ತದೆ, ಅರ್ಥ ಮಾತ್ರ ಉಲ್ಟಾ. ಭಾಷೆ ಸರಳ ಮಾಡುವವರಿಗೆ ಈ ರೂಪದ ಪರಿಚಯ ಇದೆಯೇ ಎಂದು ಕೆಲಸ ಕೊಡುವ ಮೊದಲೇ ಕೇಳಿ. ಹತ್ತು ವಾಕ್ಯ ಬರೆದುಕೊಟ್ಟು ಈಗಿನ ಕನ್ನಡಕ್ಕೆ ತಿರುಗಿಸಲು ಹೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಿಟ್ಟೆಲರ 1894ರ ಕೋಶ, 1903ರ ವ್ಯಾಕರಣ ಎರಡೂ ಅವರ ಮೇಜಿನ ಮೇಲಿರಬೇಕು. ಆ ಕಾಲದ ಶಬ್ದಕ್ಕೆ ಆ ಕಾಲದ ಅರ್ಥ ಅಲ್ಲಿ ಸಿಕ್ಕಷ್ಟು ಬೇರೆಡೆ ಸಿಗುವುದಿಲ್ಲ.

ಎರಡನೆಯದು ‘ಎಲ್ಲ ಕಡೆ ಬದಲಿಸು’ ಗುಂಡಿ. ‘ಕರ್ತ’ ಎಂಬುದು ಈಗಿನ ಓದುಗರಿಗೆ ಹಳತಾಯಿತು, ‘ಪ್ರಭು’ ಇರಲಿ ಎಂದು ತೀರ್ಮಾನವಾಯಿತು. ತೀರ್ಮಾನದಲ್ಲಿ ತಪ್ಪಿಲ್ಲ. ಆದರೆ ಒಂದೇ ಸಲ 384 ಪುಟಕ್ಕೂ ಗುಂಡಿ ಒತ್ತಿದ್ದರಿಂದ ಸೃಷ್ಟಿಕರ್ತ ‘ಸೃಷ್ಟಿಪ್ರಭು’ ಆದ, ಗ್ರಂಥಕರ್ತ ‘ಗ್ರಂಥಪ್ರಭು’ ಆದ, ಕರ್ತವ್ಯ ‘ಪ್ರಭುವ್ಯ’ವಾಯಿತು. ಕರ್ತೃ ಎಂಬಲ್ಲಿ ‘ಪ್ರಭು’ವಿನ ಬಾಲಕ್ಕೆ ಒಂಟಿ ಋತ್ವ ಚುಕ್ಕಿವೃತ್ತದ ಮೇಲೆ ನೇತಾಡುತ್ತಿತ್ತು. ‘ಕರ್ತನ’ ಹೋಗಿ ‘ಪ್ರಭುನ’ ಬಂತು, ‘ಪ್ರಭುವಿನ’ ಅಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದದ ಕೊನೆಯ ಸ್ವರವನ್ನು ನೋಡಿಕೊಂಡು ಅಂಟುತ್ತದೆ, ಪದ ಬದಲಾದರೆ ಪ್ರತ್ಯಯವೂ ಬದಲಾಗಬೇಕು. ಆದ್ದರಿಂದ ಹುಡುಕುವ ಕೆಲಸ ಯಂತ್ರಕ್ಕೆ, ಬದಲಿಸುವ ಕೆಲಸ ಕೈಗೆ, ಒಂದೊಂದಾಗಿ. ಹಳೆಯ ಅಚ್ಚಿನಲ್ಲಿ ಅರ್ಕಾವತ್ತಿನ ಜೊತೆ ವ್ಯಂಜನ ದ್ವಿತ್ವವಾಗಿರುವುದೂ ಉಂಟು: ಧರ್ಮ್ಮ, ಕರ್ತ್ತ. ಹುಡುಕುವಾಗ ಆ ರೂಪವನ್ನೂ ಸೇರಿಸಿಕೊಳ್ಳದಿದ್ದರೆ ಅರ್ಧ ಬದಲಾಗಿ ಅರ್ಧ ಹಾಗೇ ಉಳಿಯುತ್ತದೆ.

ಇನ್ನು ಅಕ್ಷರ ಗುರುತಿಸುವ ತಂತ್ರಾಂಶ, ಅಂದರೆ ಓಸಿಆರ್. ಇದನ್ನು ಬಳಸಲೇಬಾರದು ಎಂಬ ಮಡಿ ಬೇಡ. ಮೊಳೆಯಚ್ಚಿನ, ಅಂದರೆ ಬಿಡಿ ಅಕ್ಷರದ ಅಚ್ಚುಗಳನ್ನು ಜೋಡಿಸಿ ಮುದ್ರಿಸಿದ, ಪುಟ ಚೊಕ್ಕಟವಾಗಿದ್ದರೆ ಟೈಪ್ ಮಾಡುವ ಶ್ರಮದಲ್ಲಿ ಮುಕ್ಕಾಲು ಉಳಿಸುತ್ತದೆ. ಕಲ್ಲಚ್ಚಿನ ಪುಸ್ತಕಕ್ಕೆ ಮಾತ್ರ ಇದು ಕೆಲಸಕ್ಕೆ ಬಾರದು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಅಚ್ಚು ಶುರುಮಾಡಿದ್ದು ಕಲ್ಲಚ್ಚಿನಿಂದ, 1843ರ ‘ಮಂಗಳೂರು ಸಮಾಚಾರ’ ಪತ್ರಿಕೆಯೂ ಅದರಲ್ಲೇ ಬಂದದ್ದು. ಕಲ್ಲಚ್ಚು ಎಂದರೆ ಕೈಬರಹದ ಪಡಿಯಚ್ಚು, ಮೊಳೆಗಳ ಮೇಲೆ ಪಳಗಿದ ತಂತ್ರಾಂಶಕ್ಕೆ ಅದು ಬರೀ ಗೆರೆಗಳು. ನಿಮ್ಮ ಪುಸ್ತಕ ಯಾವ ಬಗೆಯದೆಂದು ತಿಳಿಯಬೇಕಾದರೆ ಒಂದೇ ಪುಟದಲ್ಲಿ ಹತ್ತು ‘ಕ’ ಹುಡುಕಿ ನೋಡಿ. ಹತ್ತೂ ಒಂದೇ ಪಡಿಯಚ್ಚಾಗಿದ್ದರೆ ಮೊಳೆ, ಒಂದೊಂದೂ ಒಂದೊಂದು ರೀತಿ ಬಾಗಿದ್ದರೆ ಕಲ್ಲು. ಕಲ್ಲಾದರೆ ಕುಳಿತು ಟೈಪ್ ಮಾಡುವುದೊಂದೇ ದಾರಿ, ದರವನ್ನೂ ಹಾಗೆಯೇ ಮಾತಾಡಿಕೊಳ್ಳಿ.

ಮೊಳೆಯಚ್ಚಿನಲ್ಲೂ ಓಸಿಆರ್ ಎಡವುವ ಜಾಗಗಳು ಗೊತ್ತಿರುವಂಥವೇ. ಪ, ವ, ಷ ಒಂದಕ್ಕೊಂದು ಅದಲುಬದಲಾಗುತ್ತವೆ. ಘ–ಫ, ಬ–ಭ, ದ–ಧ–ಥ ಕೂಡ. ಮಹಾಪ್ರಾಣದ ಸೀಳು ಸವೆದ ಮೊಳೆಯಲ್ಲಿ ಮಾಯವಾಗಿರುತ್ತದೆ. ಅನುಸ್ವಾರ ಹೋಗಿ ಅಂಕಿಯ ಸೊನ್ನೆ (೦) ಕೂತಿರುತ್ತದೆ, ಕಣ್ಣಿಗೆ ವ್ಯತ್ಯಾಸವೇ ಕಾಣದು, ಆದರೆ ಹುಡುಕಿದರೆ ಆ ಪದ ಸಿಗದು. ಎಲ್ಲಕ್ಕಿಂತ ಕಾಟ ಕೊಟ್ಟದ್ದು ಕನ್ನಡ ಅಂಕಿ ೬ ಮತ್ತು ೯. ‘ರೋಮಾ ೬:೨೩’ ಎಂದಿದ್ದದ್ದು ‘ರೋಮಾ ೯:೨೩’ ಆಗಿದೆ. ಪಾಪಕ್ಕೆ ಸಿಗುವ ಸಂಬಳ ಮರಣ ಎಂಬ ವಚನ ನೋಡಲು ಹೋದ ಓದುಗನಿಗೆ ಸಿಗುವುದು ಕರುಣೆಯ ಪಾತ್ರೆಗಳ ಮಾತು. ಕಾಗುಣಿತ ಪರೀಕ್ಷಕ ಇದನ್ನು ಹಿಡಿಯುವುದಿಲ್ಲ, ಕರಡು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕಿರುವ ಉಪಾಯ ಒಂದೇ: ಉಲ್ಲೇಖಗಳನ್ನೆಲ್ಲ ಬೇರೆ ಹಾಳೆಗೆ ಇಳಿಸಿಕೊಂಡು, ಸತ್ಯವೇದ ತೆರೆದಿಟ್ಟು, ಒಂದೊಂದನ್ನೂ ನೋಡುವುದು. ಪುಟಕ್ಕೆ ಎರಡು ಮೂರರಂತೆ ಹಿಡಿದರೂ ಇಷ್ಟು ದೊಡ್ಡ ಪುಸ್ತಕದಲ್ಲಿ ಸಾವಿರದ ಹತ್ತಿರ ಬರುತ್ತವೆ. ಇಬ್ಬರಿಗೆ ಒಂದು ವಾರದ ಕೆಲಸ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಇಲ್ಲೊಂದು ಉಪಕಥೆ. ಹಳೆಯ ಕಥೋಲಿಕ ಪುಸ್ತಕವಾದರೆ ಕೀರ್ತನೆಗಳ ಸಂಖ್ಯೆಯನ್ನು ‘ತಿದ್ದಲು’ ಅವಸರ ಮಾಡಬೇಡಿ. ವಲ್ಗೇಟ್ ಎಂಬ ಲ್ಯಾಟಿನ್ ಬೈಬಲ್ಲಿನ ಎಣಿಕೆಯಲ್ಲಿ ಬಹುಪಾಲು ಕೀರ್ತನೆಗಳು ಒಂದು ಸಂಖ್ಯೆ ಹಿಂದಿರುತ್ತವೆ: ಈಗಿನ 51 ಅಲ್ಲಿ 50, ಈಗಿನ 23 ಅಲ್ಲಿ 22. ಅದು ತಪ್ಪಲ್ಲ, ಬೇರೆ ಲೆಕ್ಕ. ಪಕ್ಕದಲ್ಲಿ ಆವರಣ ಹಾಕಿ ಈಗಿನ ಸಂಖ್ಯೆ ಕೊಟ್ಟರೆ ಸಾಕು.

ವಚನಗಳ ಪಾಠದಲ್ಲಿ ಇನ್ನೊಂದು ಅನಾಹುತ. ಹಳೆಯ ಅನುವಾದದ ವಚನಗಳನ್ನು ತೆಗೆದು ಈಗಿನ ಅನುವಾದದಿಂದ ನಕಲಿಸಿ ಅಂಟಿಸಿದ್ದರು. ಓದಲು ಸಲೀಸು, ನಿಜ. ಆದರೆ ದೈವಶಾಸ್ತ್ರದ ಪುಸ್ತಕದಲ್ಲಿ ವಚನ ಅಲಂಕಾರಕ್ಕೆ ಬಂದಿರುವುದಿಲ್ಲ. ‘ನೀತಿ’ ಎಂಬ ಒಂದು ಮಾತನ್ನು ಹಿಡಿದು ಲೇಖಕ ಎರಡು ಪುಟ ಬಿಡಿಸಿದ್ದಾನೆ. ಅಂಟಿಸಿದ ವಚನದಲ್ಲಿ ಆ ಮಾತೇ ಇಲ್ಲ. ಹಾಗಾಗಿ ಕೆಳಗಿನ ಎರಡು ಪುಟ ಗಾಳಿಗೆ ಗುದ್ದಿದಂತೆ ಕಾಣುತ್ತವೆ. ಸಾಲದ್ದಕ್ಕೆ ಹೊಸ ಅನುವಾದಗಳಿಗೆ ಹಕ್ಕುದಾರರಿದ್ದಾರೆ, ಪುಸ್ತಕದ ತುಂಬ ಎತ್ತಿಕೊಳ್ಳಲು ಅನುಮತಿ ಬೇಕು. ಮೂಲದ ವಚನ ಹಾಗೇ ಇರಲಿ, ಕಷ್ಟವೆನಿಸಿದಲ್ಲಿ ಅಡಿಟಿಪ್ಪಣಿಯಲ್ಲಿ ಅರ್ಥ ಕೊಡಿ. ಅನ್ಯಮತಗಳ ಬಗ್ಗೆ ಆ ಕಾಲದವರು ಬರೆದ ಬಿರುಸು ಮಾತುಗಳಿಗೂ ಇದೇ ನಿಯಮ: ಹೇಳದೆ ಕೇಳದೆ ಕತ್ತರಿಸಬೇಡಿ, ಮುನ್ನುಡಿಯಲ್ಲಿ ಕಾಲ–ಸಂದರ್ಭ ಹೇಳಿ, ಬಿಟ್ಟಿದ್ದರೆ ಎಲ್ಲಿ ಎಷ್ಟು ಬಿಟ್ಟಿರಿ ಎಂದು ಬರೆಯಿರಿ.

ಪುಟ ತಪ್ಪಿದ್ದು ಸ್ಕ್ಯಾನಿನಲ್ಲಿ. ಎದುರುಬದುರು ಪುಟಗಳ ಚಿತ್ರ ತೆಗೆಯುವಾಗ 176–177 ಆದಮೇಲೆ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡಿವೆ. ಮುಂದಿನ ಚಿತ್ರ 180–181. ನಡುವಿನ 178, 179 ಮಾಯ. ಹೊಸದಾಗಿ ಪುಟಸಂಖ್ಯೆ ಹಾಕಿದ್ದರಿಂದ ಕಂಡಿ ಕಾಣಲೇ ಇಲ್ಲ. ‘ಹೀಗಿರುವದರಿಂದ’ ಎಂದು ನಿಂತ ವಾಕ್ಯದ ಮುಂದೆ ಬೇರೊಂದು ವಾಕ್ಯದ ಬಾಲ ಅಂಟಿಕೊಂಡಿದೆ. ಟೈಪಿಂಗಿಗೆ ಮೊದಲೇ ಚಿತ್ರಗಳ ಪುಟಸಂಖ್ಯೆ ಎಣಿಸಿ ನೋಡಬೇಕು. ಹಳೆಯ ಪುಸ್ತಕದಲ್ಲಿ ಫಾರಮ್ಮಿನ (ಒಂದು ದೊಡ್ಡ ಹಾಳೆ ಮಡಿಚಿ ಆಗುವ ಪುಟಗಳ ಕಟ್ಟು) ಮೊದಲ ಪುಟದ ಅಡಿಯಲ್ಲಿ ಸಣ್ಣ ಅಂಕಿಯೋ ಅಕ್ಷರವೋ ಇದ್ದರೆ ಅದೂ ಸಾಕ್ಷಿ: 16 ಪುಟದ ಫಾರಂ ಆದರೆ 1, 17, 33, 49ನೇ ಪುಟಗಳಲ್ಲಿ ಅದು ಸರಿಯಾಗಿ ಬರಬೇಕು. ಮೂಲದ ಪುಟಸಂಖ್ಯೆಗಳನ್ನು ಹೊಸ ಪುಸ್ತಕದ ಅಂಚಿನಲ್ಲಿ ಸಣ್ಣದಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ‘212ನೇ ಪುಟ ನೋಡು’ ಎಂಬ ಒಳ ಉಲ್ಲೇಖಗಳು ಬದುಕುತ್ತವೆ.

ಚಿತ್ರಗಳ ಗುಣಮಟ್ಟಕ್ಕೆ ಅಳತೆ: 400ರಿಂದ 600 ಡಿಪಿಐ, ಬೂದುಬಣ್ಣದಲ್ಲಿ ಇಲ್ಲವೆ ಬಣ್ಣದಲ್ಲಿ, ಟಿಫ್ ಕಡತವಾಗಿ. ನೇರ ಕಪ್ಪು–ಬಿಳುಪಿಗೆ ಹಾಕಿದರೆ ತೆಳುವಾದ ಒತ್ತಕ್ಷರ, ದೀರ್ಘದ ಕೊಂಬು, ಚುಕ್ಕಿ ಅಲ್ಲೇ ಉದುರಿಹೋಗುತ್ತವೆ. ಹಿಂಬದಿಯ ಅಕ್ಷರ ಮೂಡಿ ಕಾಣುತ್ತಿದ್ದರೆ ಹಾಳೆಯ ಹಿಂದೆ ಕಪ್ಪು ಕಾಗದ ಇಡಿ. ಮುರುಕು ಹಾಳೆಯ ಪುಸ್ತಕವನ್ನು ಪೂರ್ತಿ ಬಿಚ್ಚಿ ಗಾಜಿಗೆ ಒತ್ತಬೇಡಿ, ಬೆನ್ನು ಸೀಳುತ್ತದೆ. ನಿಮ್ಮ ಪ್ರತಿ ಹಾಳಾಗಿದ್ದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನು ವಿಚಾರಿಸಿ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ತನ್ನ ಗುಂಡರ್ಟ್ ಪೋರ್ಟಲ್‌ನಲ್ಲಿ ಕನ್ನಡ ಪುಸ್ತಕಗಳನ್ನೂ ಡಿಜಿಟಲ್ ಮಾಡಿ ಇಟ್ಟಿದೆ. ಮತ್ತೆ, ಪುಸ್ತಕದ ಕೊನೆಯ ತಪ್ಪು–ಒಪ್ಪು ಪಟ್ಟಿಯನ್ನು ಹಾಗೇ ಅಚ್ಚು ಹಾಕಿ ಒಳಗಿನ ತಪ್ಪನ್ನೂ ಹಾಗೇ ಉಳಿಸುವ ಘನಕಾರ್ಯ ನಮ್ಮಲ್ಲಿ ನಡೆಯಿತು. ಆ ಪಟ್ಟಿಯ ತಿದ್ದುಪಡಿಗಳನ್ನು ಮೊದಲು ಪಠ್ಯಕ್ಕೆ ಸೇರಿಸಬೇಕು.

ಪುಟ ಜೋಡಿಸಿದ್ದು ಪೇಜ್‌ಮೇಕರ್‌ನಲ್ಲಿ, ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿ. ಓಸಿಆರ್ ಕೊಡುವುದು ಯೂನಿಕೋಡ್, ಅಂದರೆ ಎಲ್ಲ ಲಿಪಿಗಳಿಗೂ ಸಲ್ಲುವ ಸಂಕೇತ ವ್ಯವಸ್ಥೆ. ಯೂನಿಕೋಡ್‌ನಿಂದ ಆಸ್ಕಿಗೆ ಪರಿವರ್ತಿಸುವಾಗ ಗ್ರೀಕ್ ಪದಗಳು ಡಬ್ಬಿಗಳಾದವು. ಹೀಬ್ರೂ ಬಲದಿಂದ ಎಡಕ್ಕೆ ಓದುವ ಲಿಪಿ, ಎಡದಿಂದ ಬಲಕ್ಕೆ ತಿರುಗಿ ಕೂತಿತು. ಗೊತ್ತಿಲ್ಲದವರಿಗೆ ಸರಿಯಾಗಿಯೇ ಇದೆ ಎನ್ನಿಸುವಷ್ಟು ಅಚ್ಚುಕಟ್ಟಾಗಿ! ಯೂನಿಕೋಡ್‌ನಲ್ಲೇ, ಇನ್‌ಡಿಸೈನ್‌ನಂಥದರಲ್ಲಿ ಮಾಡಿಸಿ, ಅದರಲ್ಲಿ ‘ವರ್ಲ್ಡ್ ರೆಡಿ’ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿದ್ದಾರೆಯೇ ನೋಡಿ. ಇಲ್ಲದಿದ್ದರೆ ಒತ್ತಕ್ಷರ, ಗುಣಿತ ಬಿಡಿಬಿಡಿಯಾಗಿ ಬೀಳುತ್ತವೆ. ಕೆಲಸ ಮುಗಿದ ಮೇಲೆ ಪಿಡಿಎಫ್ ಮಾತ್ರ ತೆಗೆದುಕೊಂಡು ಬರಬೇಡಿ. ತಿದ್ದಲು ಬರುವ ಮೂಲ ಕಡತವೂ ಬಳಸಿದ ಅಕ್ಷರಗಳೂ ಕೈಗೆ ಬರಬೇಕು, ಇದು ಒಪ್ಪಂದದಲ್ಲೇ ಇರಲಿ. ನಮ್ಮಲ್ಲಿ ಇರಲಿಲ್ಲ, ಅದಕ್ಕೇ ಎರಡನೆಯ ಅಚ್ಚಿಗೆ ಮತ್ತೆ ಶುರುವಿನಿಂದ ಟೈಪ್ ಆಗುತ್ತಿದೆ.

ಹಕ್ಕಿನ ವಿಷಯದಲ್ಲಿ "ಹಳೆಯದು ತಾನೇ" ಎಂಬ ಮಾತು ನಂಬಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಅನುವಾದಕನಿಗೆ ಬೇರೆ ಲೆಕ್ಕ, ಪರಿಷ್ಕರಿಸಿದವನು ಹೊಸದಾಗಿ ಬರೆದು ಸೇರಿಸಿದ್ದಕ್ಕೆ ಬೇರೆ ಲೆಕ್ಕ. ಮೂಲ ಲೇಖಕ 1900ರಲ್ಲೇ ತೀರಿಕೊಂಡಿದ್ದರೂ ಕನ್ನಡಕ್ಕೆ ತಂದವರು 1970ರಲ್ಲಿ ತೀರಿಕೊಂಡಿದ್ದರೆ ಆ ಕನ್ನಡ ಪಠ್ಯ 2030ರ ಕೊನೆಯವರೆಗೂ ಅವರ ವಾರಸುದಾರರದ್ದು. ಶೀರ್ಷಿಕೆ ಪುಟದ ಹಿಂಬದಿ ತಪ್ಪದೆ ಓದಿ, ‘ಪರಿಷ್ಕರಿಸಿದ ಎರಡನೆಯ ಅಚ್ಚು’ ಎಂದು ಸಣ್ಣದಾಗಿ ಬರೆದಿರುವುದುಂಟು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ, ಅದಕ್ಕೆ ಹಣ ಕೇಳುವವರಿಗೆ ಕೊಡಬೇಡಿ.

ಬೈಂಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಲಿಗೆ ಎಂದು ಮಾತಾಗಿ ಬಂದದ್ದು ಬರೀ ಗೋಂದಿನ ಪರ್ಫೆಕ್ಟ್ ಬೈಂಡಿಂಗ್. ಅದರಲ್ಲಿ ಬೆನ್ನನ್ನು ಎರಡು ಮೂರು ಮಿಲಿಮೀಟರ್ ಉಜ್ಜಿ ತೆಗೆಯುತ್ತಾರೆ. ಒಳ ಅಂಚು 12 ಮಿಲಿಮೀಟರ್ ಮಾತ್ರ ಬಿಟ್ಟಿದ್ದರಿಂದ ಸಾಲಿನ ಕೊನೆ ಓದಲು ಪುಸ್ತಕವನ್ನು ಅಗಲಿಸಲೇಬೇಕು, ಅಗಲಿಸಿದರೆ ಬೆನ್ನು ಬಿರಿಯುತ್ತದೆ. ಅಧ್ಯಯನಕ್ಕೆ ಬಳಸುವ ಪುಸ್ತಕಕ್ಕೆ ಫಾರಂ ಹೊಲಿಗೆಯೇ ಬೇಕು, ಒಳ ಅಂಚು 20 ಮಿಲಿಮೀಟರ್, ಕಾಗದದ ಎಳೆ ಬೆನ್ನಿಗೆ ಸಮಾನಾಂತರ. 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದದಲ್ಲಿ 384 ಪುಟ, ಅಂದರೆ 192 ಹಾಳೆ, ಸುಮಾರು 18 ಮಿಲಿಮೀಟರ್ ದಪ್ಪ ಬರುತ್ತದೆ. ಹೊದಿಕೆಯ ಬೆನ್ನನ್ನು 14ಕ್ಕೆ ಹಾಕಿದ್ದರಿಂದ ಹೆಸರು ಒಂದು ಮಗ್ಗುಲಿಗೆ ಜಾರಿದೆ.

ಹಣದ ಮಾತು. ಮುಂಗಡ ಅರ್ಧ, ಪುಸ್ತಕ ಕೈಗೆ ಬಂದಾಗ ಅರ್ಧ ಎಂಬ ವ್ಯವಸ್ಥೆಯಲ್ಲಿ ಕರಡಿಗೆ ಯಾವ ಬೆಲೆಯೂ ಇಲ್ಲ. ಮೊದಲು ಒಂದೇ ಫಾರಂ, 16 ಪುಟ, ಮಾಡಿಸಿ. ಸುಲಭದ ಪುಟಗಳನ್ನು ಕೊಡಬೇಡಿ. ಗ್ರೀಕ್–ಹೀಬ್ರೂ ಇರುವುದು, ಅಡಿಟಿಪ್ಪಣಿ ಉದ್ದವಿರುವುದು, ವಚನ ಉಲ್ಲೇಖ ಕಿಕ್ಕಿರಿದದ್ದು, ಅಚ್ಚು ಮಸುಕಾದದ್ದು ಆರಿಸಿ ಕೊಡಿ. ಅದು ಸರಿಬಂದ ಮೇಲೆ ಮುಂಗಡ. ಆಮೇಲೆ ಮೂರು ಕರಡು: ಮೊದಲನೆಯದನ್ನು ಇಬ್ಬರು ಕುಳಿತು, ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಡುತ್ತ. ಎರಡನೆಯದು ಉಲ್ಲೇಖಗಳಿಗೆ ಮಾತ್ರ. ಮೂರನೆಯದು ಪುಟ ಕಟ್ಟಿದ ಮೇಲೆ, ಕಾಗದದ ಮೇಲೆ, ಪರದೆಯ ಮೇಲಲ್ಲ.

ಕೆಟ್ಟ 500 ಪ್ರತಿಗಳಿಗೆ ಈಗ ಆಗುತ್ತಿರುವುದು ಇಷ್ಟು. ತಪ್ಪಿದ ಎರಡು ಪುಟಗಳನ್ನು ಅದೇ ಕಾಗದದಲ್ಲಿ ಒಂದು ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿಸಿ, ಒಳ ಅಂಚಿಗೆ 4 ಮಿಲಿಮೀಟರ್ ಗೋಂದು ಸವರಿ, ಆ ಜಾಗದಲ್ಲಿ ಅಂಟಿಸುವುದು. ಉಳಿದವಕ್ಕೆ ನಾಲ್ಕು ಪುಟದ ತಿದ್ದೋಲೆ. ಆದರೆ ಆ 41 ಸಾಲುಗಳಿಗೆ ತಿದ್ದೋಲೆ ಸಾಲದು. ತಪ್ಪೆಂದೇ ತೋರದ ಸಾಲಿಗೆ ತಿದ್ದೋಲೆ ತೆಗೆದು ನೋಡುವವರು ಯಾರು? ಅವಕ್ಕೆ ಸಾಲಿನಷ್ಟೇ ಅಗಲದ ಅಂಟುಚೀಟಿ ಮಾಡಿಸಿ, ಪ್ರತಿಯೊಂದು ಪುಸ್ತಕದಲ್ಲೂ 41 ಕಡೆ ಕೈಯಿಂದ ಹಚ್ಚಬೇಕಾಗಿದೆ. ಒಟ್ಟು 20,500 ಚೀಟಿ. ‘ಕೈಬಿಡನು’ ಚೀಟಿಯನ್ನು ಮೊದಲು ಹಚ್ಚಿಸುತ್ತಿದ್ದೇವೆ.