ಸರಂಧ್ರ ವಸ್ತುವಿನ ಜಟಿಲತೆ ಅಳೆಯಲು ಯಾವುದು ಸರಿ: ಸ್ಕ್ಯಾನೋ, ನೈಟ್ರೋಜನ್ನೋ, ಪಾದರಸವೋ?

ಒಂದೇ ಮರಳುಗಲ್ಲಿನ ತುಂಡನ್ನು ಈ ಮೂರೂ ವಿಧಾನಗಳಲ್ಲಿ ಅಳೆದು ನೋಡಿ, ಫ್ರ್ಯಾಕ್ಟಲ್ ಆಯಾಮ (ಆಕಾರ ಎಷ್ಟು ಜಟಿಲ ಎಂದು ಹೇಳುವ ಸಂಖ್ಯೆ) ಮೂರು ಥರ ಬರುತ್ತದೆ. ಯಾವುದೂ ಸುಳ್ಳಲ್ಲ. ಸ್ಕ್ಯಾನಿಗೆ ಕಾಣುವುದು ಮೈಕ್ರಾನ್ ಗಾತ್ರದ ತೂತು, ನೈಟ್ರೋಜನ್ನಿಗೆ ಕಾಣುವುದು ನ್ಯಾನೊಮೀಟರ್ ಗಾತ್ರದ್ದು. ಹಾಗಾಗಿ ವ್ಯಾಪ್ತಿ ಹೇಳದೆ ಬರೀ "2.6" ಎಂದು ಬರೆದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಹೆಚ್ಚು ಜನ ಹಿಡಿಯುವ ದಾರಿ ಮೈಕ್ರೋ-ಸಿಟಿ ಸ್ಕ್ಯಾನ್ (ಎಕ್ಸ್-ರೇಯಿಂದ ತೆಗೆದ ಮೂರು ಆಯಾಮದ ಚಿತ್ರ) ಮತ್ತು ಬಾಕ್ಸ್ ಎಣಿಕೆ: ಚಿತ್ರವನ್ನು ಬೇರೆ ಬೇರೆ ಅಳತೆಯ ಬಾಕ್ಸ್‌ಗಳಾಗಿ ಕತ್ತರಿಸಿ, ತೂತಿರುವ ಬಾಕ್ಸ್‌ಗಳನ್ನು ಎಣಿಸುವುದು. ಬಾಕ್ಸಿನ ಅಳತೆ, ಎಣಿಕೆ ಎರಡರ ಲಾಗ್ ಹಾಕಿ ಎಳೆದ ಗೆರೆಯ ಇಳಿಜಾರೇ (ಚಿಹ್ನೆ ಬಿಟ್ಟು) ಆಯಾಮ. ಹೆಚ್ಚು ಎಡವುವುದೂ ಇಲ್ಲೇ. 512 ವಾಕ್ಸೆಲ್ (ಮೂರು ಆಯಾಮದ ಪಿಕ್ಸೆಲ್) ಬದಿಯ ಘನದಲ್ಲಿ 1–2 ವಾಕ್ಸೆಲ್ಲಿನ ಬಾಕ್ಸ್ ಪಿಕ್ಸೆಲ್ ಅಂಚುಗಳನ್ನೇ ಎಣಿಸುತ್ತದೆ. 128ರ ಬಾಕ್ಸ್‌ಗಳಲ್ಲಿ ಒಂದೂ ಖಾಲಿ ಉಳಿಯದೆ ಇಳಿಜಾರು 3ಕ್ಕೆ ಜಾರುತ್ತದೆ. ನಂಬಬಹುದಾದದ್ದು 4ರಿಂದ 64ರವರೆಗೆ, ಅಷ್ಟೇ. ಲಾಗ್-ಲಾಗ್ ಗೆರೆಗೆ ಆರ್-ವರ್ಗ (ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆಂಬ ಅಳತೆ) 0.99 ಬಂತೆಂದು ಹಿಗ್ಗಬೇಡಿ, ಅದು ಯಾವುದಕ್ಕಾದರೂ ಬರುತ್ತದೆ. ಪಕ್ಕಪಕ್ಕದ ಎರಡೆರಡು ಬಿಂದುಗಳ ಇಳಿಜಾರು ತೆಗೆದು, ಅದು ಸಮತಟ್ಟಾಗಿದೆಯೇ ನೋಡಿ. ತೂತಿನ ಒಳಜಾಗವನ್ನು ಎಣಿಸಿದಿರೋ ಮೇಲ್ಮೈಯನ್ನೋ ಎಂಬುದನ್ನೂ ಬರೆದಿಡಿ, ಎರಡೂ ಬೇರೆ. ತೂತನ್ನೂ ಘನಭಾಗವನ್ನೂ ಬೇರ್ಪಡಿಸುವ ಬೂದು ಮಟ್ಟದ ಗಡಿಯನ್ನು ಮೂರು ನಾಲ್ಕು ಹಂತ ಆಚೀಚೆ ಸರಿಸಿ ಮತ್ತೆ ಎಣಿಸಿ. ಉತ್ತರ ಎಷ್ಟು ಅಲುಗಾಡುತ್ತದೋ ಅಷ್ಟು ನಿಮ್ಮ ಅನಿಶ್ಚಿತತೆ.

ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು 243 ವಾಕ್ಸೆಲ್ ಬದಿಯ ಮೆಂಗರ್ ಸ್ಪಂಜು (ಆಯಾಮ ಮೊದಲೇ ಗೊತ್ತಿರುವ, ಗಣಿತದ ತೂತುತೂತಿನ ಘನ) ಕೊಡಿ. 1, 3, 9, 27, 81ರ ಬಾಕ್ಸ್‌ಗಳಿಗೆ 2.727 ಬರಲೇಬೇಕು. 2, 4, 8 ಹಾಕಿದರೆ ಬರುವುದಿಲ್ಲ, ಏಕೆಂದರೆ 243 ಅವುಗಳಿಂದ ಭಾಗವಾಗುವುದಿಲ್ಲ.

ನೈಟ್ರೋಜನ್ ಹೀರಿಕೆ (77 ಕೆಲ್ವಿನ್) ತೀರಾ ಸಣ್ಣ ತೂತುಗಳ ಒರಟುತನಕ್ಕೆ ಚೆನ್ನ. ತೊಡಕಿರುವುದು ಎಫ್‌ಎಚ್‌ಎಚ್ (ಫ್ರೆಂಕೆಲ್-ಹಾಲ್ಸಿ-ಹಿಲ್) ಗೆರೆಯನ್ನು, ಅಂದರೆ ಹೀರಿದ ಅನಿಲದ ಪ್ರಮಾಣ ಒತ್ತಡದೊಂದಿಗೆ ಬದಲಾಗುವುದನ್ನು ತೋರಿಸುವ ಲಾಗ್ ಗೆರೆಯನ್ನು, ಓದುವುದರಲ್ಲಿ. ಇಳಿಜಾರು −0.3 ಬಂದಿತೆನ್ನಿ: ಲೋಮನಾಳ ಸಾಂದ್ರೀಕರಣದ (ಸಣ್ಣ ತೂತಿನಲ್ಲಿ ಅನಿಲ ದ್ರವವಾಗುವ) ಸೂತ್ರಕ್ಕೆ ಆಯಾಮ 2.7, ವ್ಯಾನ್ ಡರ್ ವಾಲ್ಸ್ (ಮೇಲ್ಮೈ ಅಣುಗಳನ್ನು ಸೆಳೆಯುವ ಬಲದ) ಸೂತ್ರಕ್ಕೆ 2.1. ಗೆರೆ ಒಂದೇ! ಇಳಿಜಾರು −1/3ಕ್ಕಿಂತ ಕಡಿದಾಗಿದ್ದರೆ ಎರಡನೇ ಸೂತ್ರ 2ಕ್ಕಿಂತ ಕಡಿಮೆ ಕೊಡುತ್ತದೆ, ಮೇಲ್ಮೈಗೆ ಅದು ಸಾಧ್ಯವಿಲ್ಲ, ಅಲ್ಲಿ ಗೊಂದಲವಿಲ್ಲ. ಅದಕ್ಕಿಂತ ಸಪಾಟಾಗಿದ್ದಲ್ಲಿ ಯಾವ ಸೂತ್ರ ಬಳಸಿದಿರೆಂದು ಹೇಳಲೇಬೇಕು. ಇನ್ನೊಂದು, ಸಿಮೆಂಟ್ ಮಾದರಿಯನ್ನು 105 ಡಿಗ್ರಿಗೆ ಕಾಯಿಸಿ ಒಣಗಿಸಿದರೆ ಅದರಲ್ಲಿರುವ ಎಟ್ರಿಂಗೈಟ್ ಎಂಬ ಹರಳು ನೀರು ಬಿಟ್ಟು ಕುಸಿಯುತ್ತದೆ. ಆಮೇಲೆ ಅಳೆಯುವುದು ನೀವೇ ಮಾಡಿದ ತೂತುಗಳನ್ನು.

ಒತ್ತಡ ಹಾಕಿ ತೂತುಗಳಿಗೆ ಪಾದರಸ ತುಂಬುವ ವಿಧಾನದ ವ್ಯಾಪ್ತಿ ಎಲ್ಲಕ್ಕಿಂತ ದೊಡ್ಡದು, ಒತ್ತಡ ಹೆಚ್ಚಿದಷ್ಟೂ ಸಣ್ಣ ತೂತು ತುಂಬುತ್ತದೆ. ಸಂಪರ್ಕ ಕೋನ (ಪಾದರಸ ತೂತಿನ ಗೋಡೆಗೆ ತಾಗುವ ಕೋನ) 140 ಡಿಗ್ರಿ ಹಿಡಿದರೆ 0.1 ಮೆಗಾಪಾಸ್ಕಲ್‌ನಲ್ಲಿ ಸುಮಾರು 15 ಮೈಕ್ರಾನ್ ಅಗಲದ ತೂತು, 414ರಲ್ಲಿ 3.6 ನ್ಯಾನೊಮೀಟರ್ ಅಗಲದ್ದು. ಆದರೆ ಕಿರಿದಾದ ಕತ್ತಿನ ಹಿಂದೆ ಎಷ್ಟೇ ದೊಡ್ಡ ಪೊಟರೆಯಿದ್ದರೂ ಅದು ಕತ್ತಿನ ಲೆಕ್ಕಕ್ಕೇ ಸೇರುತ್ತದೆ. ಮೆದು ವಸ್ತು ಒತ್ತಡಕ್ಕೆ ಕುಗ್ಗಿದರೆ ಆ ಕುಗ್ಗುವಿಕೆಯೂ ತೂತಾಗಿ ದಾಖಲಾಗುತ್ತದೆ.

ದ್ರವ ಹರಿಯುವಿಕೆಯೇ ನಿಮ್ಮ ಪ್ರಶ್ನೆಯಾದರೆ ಫ್ರ್ಯಾಕ್ಟಲ್ ಆಯಾಮವನ್ನು ಬದಿಗಿಟ್ಟು, ಅದೇ ಸ್ಕ್ಯಾನಿನಿಂದ ಆಯ್ಲರ್ ಸಂಖ್ಯೆ ತೆಗೆಯುವುದೇ ಮೇಲು: ತೂತಿನ ಬಿಡಿ ತುಣುಕುಗಳ ಸಂಖ್ಯೆಯಿಂದ ಸುರಂಗದ ಕುಣಿಕೆಗಳನ್ನು ಕಳೆದು, ಮುಚ್ಚಿದ ಒಳಗುಳಿಗಳನ್ನು ಕೂಡಿಸಿದರೆ ಬರುವುದೇ ಈ ಸಂಖ್ಯೆ. ತೂತಿನ ಜಾಲ ಚೆನ್ನಾಗಿ ಕೂಡಿಕೊಂಡಿದ್ದರೆ ಇದು ಋಣಾತ್ಮಕ. ಚಿತ್ರದ ದೋಷದಿಂದ (ನಾಯ್ಸ್) ಹುಟ್ಟಿದ ಒಂಟಿ ವಾಕ್ಸೆಲ್ ಒಂದೊಂದೂ +1 ಸೇರಿಸುವುದರಿಂದ ಮೊದಲು ಅವನ್ನು ಅಳಿಸಿ. ತೂತಿಗೆ 26 ನೆರೆಯ ನಿಯಮ (ಮೂಲೆ ತಾಗಿದರೂ ಕೂಡಿದಂತೆ) ಬಳಸಿದರೆ ಘನಭಾಗಕ್ಕೆ 6ರದ್ದೇ (ಮುಖ ತಾಗಿದರೆ ಮಾತ್ರ) ಇರಲಿ.

ಮೂರನ್ನೂ ಮಾಡುವುದಾದರೆ ಮೊದಲು ಸ್ಕ್ಯಾನ್, ಆಮೇಲೆ ನೈಟ್ರೋಜನ್, ಕೊನೆಗೆ ಪಾದರಸ. ಪಾದರಸ ಹೊಕ್ಕ ತುಂಡು ಅಪಾಯಕಾರಿ ತ್ಯಾಜ್ಯ, ಬೇರೆ ಯಾವ ಉಪಕರಣಕ್ಕೂ ಅದನ್ನು ಇಡುವಂತಿಲ್ಲ.