ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಮಿಂಟ್: ನುಡಿ ಫೈಲು ತೆರೆಯಿತು, ಪ್ರಿಂಟರ್ ಮುನಿಸಿಕೊಂಡಿತು

ಲಿನಕ್ಸ್ ಮಿಂಟ್ ಅಂದರೆ ವಿಂಡೋಸಿನ ಬದಲು ಹಾಕಿಕೊಳ್ಳುವ ಉಚಿತ ಆಪರೇಟಿಂಗ್ ಸಿಸ್ಟಮ್. ಅದು ಎಷ್ಟು ಸೆಕೆಂಡಿಗೆ ಆನ್ ಆಗುತ್ತದೆ, ಎಷ್ಟು ವೇಗ ಹೆಚ್ಚಿತು ಅನ್ನುವ ಲೆಕ್ಕ ಇಲ್ಲಿ ಸಿಗುವುದಿಲ್ಲ. ಅದಕ್ಕೆ ವಿಡಿಯೋಗಳು ಬೇಕಾದಷ್ಟಿವೆ. ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಕೂತು ನಾನು ಮಾಡುವುದು ಕನ್ನಡ ಟೈಪಿಂಗ್. ಮದುವೆ ಕಾಗದ, ಸಂಘದ ಸ್ಮರಣ ಸಂಚಿಕೆ, ಗೃಹಪ್ರವೇಶ, ಉತ್ತರಕ್ರಿಯೆಯ ಕಾರ್ಡು. ಈ ಕೆಲಸ ಒಂದು ವಾರವೂ ನಿಲ್ಲಬಾರದು ಅನ್ನುವ ಕಣ್ಣಿನಿಂದಲೇ ಈ ವಿಮರ್ಶೆಯನ್ನು ಓದಿಕೊಳ್ಳಿ.

ನನ್ನದು ಇಂಟೆಲ್ಲಿನ ಮೂರನೇ ತಲೆಮಾರಿನ ಐ3 ಪ್ರೊಸೆಸರಿನ ಡೆಸ್ಕ್‌ಟಾಪು. ವಿಂಡೋಸ್ 7 ಹಾಕಿಸಿ ತಂದದ್ದು, ಆಮೇಲೆ 10 ಆಯಿತು. 2025ರ ಅಕ್ಟೋಬರ್ 14ಕ್ಕೆ 10ರ ಬೆಂಬಲ ಮುಗಿಯುತ್ತದೆ ಎಂಬ ಸೂಚನೆ ಪರದೆಯ ಮೇಲೆ ಪದೇ ಪದೇ ಬರತೊಡಗಿತು. 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಪ್ರೊಸೆಸರು ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಇರಬೇಕು. ನನ್ನ ಡಬ್ಬಿಯಲ್ಲಿ ಎರಡೂ ಇಲ್ಲ. ಕಣ್ಣು ತಪ್ಪಿಸಿ 11 ಹಾಕುವ ದಾರಿಗಳಿವೆ, ಆದರೆ ಬೇರೆಯವರ ಮನೆಯ ಮದುವೆ ಕಾಗದ ಇಟ್ಟುಕೊಂಡ ಯಂತ್ರದ ಮೇಲೆ ಆ ಪ್ರಯೋಗ ನನಗೆ ಬೇಡವಾಗಿತ್ತು. ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಾತ ಮಾಡೆಲ್ ಕೇಳಿದ್ದೇ ತಡ, "ಮ್ಯಾಡಮ್, ಭಂಗಾರಿಗೆ ಹಾಕಿ, ಹೊಸದು ತಗೊಳ್ಳಿ" ಅಂದ. ಭಂಗಾರ್ ಅಂದರೆ ಇಲ್ಲಿ ಗುಜರಿ. ಹೊಸದಕ್ಕೆ ಅವನು ಹೇಳಿದ ರೇಟು ನನ್ನ ಎರಡು ಮದುವೆ ಸೀಸನ್ನಿನ ಗಳಿಕೆ.

ಪುಣೆಯಲ್ಲಿರುವ ಅಕ್ಕನ ಮಗ ಫೋನಿನಲ್ಲಿ, "ಚಿಕ್ಕಮ್ಮ, ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಕೊಂಡಿಡಿ, ಶನಿವಾರ ಬರ್ತೇನೆ" ಅಂದ. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಕೆಲಸವನ್ನೇ ಹೆಚ್ಚು ವೇಗವಾಗಿ ಮಾಡುವ ಡಿಸ್ಕು. ಬಂದ, ಲಿನಕ್ಸ್ ಮಿಂಟ್ 22ರಲ್ಲಿ ಹಳೇ ಯಂತ್ರಕ್ಕೆ ಹಗುರಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದ. ಇದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಹಾಕಿದ ಕೆಲಸದ ಬಗ್ಗೆ ಹೇಳುವಂಥದ್ದೇನಿಲ್ಲ, ಊಟದ ಹೊತ್ತಿಗೆ ಮುಗಿದಿತ್ತು. ಹಳೇ ಹಾರ್ಡ್ ಡಿಸ್ಕನ್ನೂ ಅದರೊಳಗಿನ ವಿಂಡೋಸನ್ನೂ ಮುಟ್ಟಬೇಡ ಅಂದಿದ್ದೆ. ಹಾಗೇ ಬಿಟ್ಟ.

ಅವನು ಡೆಕ್ಕನ್ ಕ್ವೀನ್ ರೈಲು ಹಿಡಿಯಲು ಹೊರಟ ಮೇಲೆ ಹಳೇ ಕಾರ್ಡೊಂದನ್ನು ತೆರೆದೆ. ಎದೆ ಧಸಕ್ಕೆಂದಿತು. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಪುಟದ ತುಂಬ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು. 'ನ' ಇರಬೇಕಾದ ಕಡೆಯಲ್ಲೆಲ್ಲ ಪೌಂಡಿನ ಗುರುತು. ಮದುಮಗನ ಹೆಸರು ನರೇಂದ್ರ, ಶುರುವಾಗುವುದೇ ಬ್ರಿಟನ್ನಿನ ದುಡ್ಡಿನಿಂದ! ಕಾರಣ ಇಷ್ಟೇ: ಕನ್ನಡಕ್ಕೆ ಅದರದೇ ಸಂಕೇತಗಳನ್ನು ಕೊಟ್ಟ ಯೂನಿಕೋಡಿಗೆ ಮುಂಚಿನ ಆ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಮೇಲೆಯೇ ಕನ್ನಡದ ಚಿತ್ರ ಕೂರಿಸಿಕೊಂಡವು. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಹೊರಗೆ ಬೀಳುತ್ತದೆ. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟ್ ಫೈಲುಗಳನ್ನು ಆರಿಸಿ, ಮಿಂಟಿನಲ್ಲಿ ಒಂದೊಂದಾಗಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದೆ. ಬರವಣಿಗೆಯ ಉಚಿತ ಸಾಫ್ಟ್‌ವೇರ್ ಲಿಬ್ರೆ ಆಫೀಸನ್ನು ಮುಚ್ಚಿ ತೆರೆದರೆ ಪುಟ ಮೊದಲಿನ ಹಾಗೇ ನಿಂತಿತ್ತು. ದುಡ್ಡು ಕೊಟ್ಟು ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ. ಈ ಬದಲಾವಣೆಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಇದು. ಸ್ಪೆಲ್‌ಚೆಕ್ ಮಾತ್ರ ಇಡೀ ಪುಟವನ್ನು ತಪ್ಪು ಇಂಗ್ಲಿಷ್ ಎಂದು ತಿಳಿದು ಕೆಂಪು ಗೆರೆ ಎಳೆಯುತ್ತಲೇ ಇತ್ತು, ಆಫ್ ಮಾಡಿದೆ.

ಹೊಸ ಕೆಲಸವನ್ನೆಲ್ಲ ಈಗ ಯೂನಿಕೋಡಿನಲ್ಲೇ ಮಾಡುತ್ತೇನೆ. ಐಬಸ್ ಮತ್ತು ಎಂ17ಎನ್ ಅನ್ನುವ ಟೈಪಿಂಗ್ ಸಲಕರಣೆ ಹಾಕಿಕೊಂಡರೆ ಕನ್ನಡಕ್ಕೆ ಹಲವು ಕೀಲಿಮಣೆ ವಿನ್ಯಾಸ ಸಿಗುತ್ತವೆ, ಅದರಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವೂ, ಅಂದರೆ ನಾವು ನುಡಿಯಲ್ಲಿ ಕಲಿತ ಕಗಪವೂ ಇದೆ. ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ, ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ತಕರಾರು ಬಂದದ್ದು ಹೆಸರುಗಳಲ್ಲಿ. ನಮ್ಮವರಲ್ಲಿ ಪ್ರವೀಣ್‌ಕುಮಾರ್, ಸತೀಶ್‌ಕುಮಾರ್‌ಗಳಿಗೆ ಬರವಿಲ್ಲವಲ್ಲ. ಸುಮ್ಮನೆ ಟೈಪ್ ಮಾಡಿದರೆ ಪ್ರವೀಣ್ಕುಮಾರ್ ಆಗಿ, 'ಣ'ದ ಅಡಿಗೆ 'ಕ' ಜೋತುಬೀಳುತ್ತದೆ. ಹಾಗೆ ಅಚ್ಚಾದರೆ ವರನ ತಾಯಿ ಮುಹೂರ್ತದ ದಿನವೂ ಫೋನ್ ಮಾಡಿಯಾರು. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಲಿಬ್ರೆ ಆಫೀಸಿನಲ್ಲಿ ಇಂಗ್ಲಿಷಿಗೆ ಬಂದು 200ಸಿ ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಅದು ಬರುತ್ತದೆ. ನಾನು ಒಮ್ಮೆ ಬರಿಸಿಕೊಂಡು, ಕಾಪಿ ಮಾಡಿಟ್ಟು, ಬೇಕಾದಲ್ಲಿ ಪೇಸ್ಟ್ ಮಾಡುತ್ತೇನೆ. ಗುಬ್ಬಿ, ನವಿಲು ಅನ್ನುವ ಉಚಿತ ಕನ್ನಡ ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ. ಮದುವೆ ಕಾಗದದ ಡೌಲಿಗೆ ಅವು ಸಾಲವು, ವರದಿ ಲೇಖನಗಳಿಗೆ ಚೆನ್ನ.

ಮಳೆಗಾಲದ ಪೂಜೆ ಮಾತ್ರ ತಪ್ಪಿಲ್ಲ. ಜುಲೈ ಬಂತೆಂದರೆ ಇಲ್ಲಿಯ ತೇವಕ್ಕೆ ಒಂದು ಬೆಳಿಗ್ಗೆ ಬಟನ್ ಒತ್ತಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ, ಒಳಗಿಂದ ಬೀಪ್ ಬೀಪ್. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ರ‍್ಯಾಮ್ ಪಟ್ಟಿಯ ಎರಡೂ ಬದಿಯ ಕ್ಲಿಪ್ಪು ಹಿಂದಕ್ಕೆ ತಳ್ಳಿ ಹೊರತೆಗೆಯಬೇಕು. ಮಗಳ ಕಂಪಾಸ್ ಬಾಕ್ಸಿನ ಬಿಳಿ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡೂ ಕಡೆ ಟಿಕ್ ಅನ್ನುವವರೆಗೆ ಒತ್ತಿ ಕೂರಿಸಬೇಕು. ಈಗ ಎರಡು ಪಟ್ಟಿಗಳಾದ್ದರಿಂದ ಎರಡಕ್ಕೂ ಈ ಸೇವೆ. ಯಾವ ಆಪರೇಟಿಂಗ್ ಸಿಸ್ಟಮ್ಮಿಗೂ ಇದಕ್ಕೆ ಮದ್ದಿಲ್ಲ, ನನಗೂ ಇದರಲ್ಲೊಂದು ಖುಷಿಯಿದೆ ಅನ್ನಿ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಪ್ರಿಂಟರ್ ವಿಷಯಕ್ಕೆ ಬಂದರೆ ಈಗಲೂ ಸಿಟ್ಟು ಬರುತ್ತದೆ. ನನ್ನ ಹತ್ತಿರ ಇರುವುದು ಹಳೇ ಕಾಲದ, ಗಟ್ಟಿ ಮೈಯ ಲೇಸರ್ ಪ್ರಿಂಟರ್, ಕಂಪನಿ ಹೆಸರು ಬೇಡ. ಪುಟವನ್ನು ಸಿದ್ಧಮಾಡುವ ಬುದ್ಧಿ ಅದಕ್ಕೆ ಸ್ವಂತದ್ದಿಲ್ಲ, ಎಲ್ಲವನ್ನೂ ಕಂಪ್ಯೂಟರಿನಲ್ಲಿರುವ ಡ್ರೈವರೇ ಬೇಯಿಸಿ ಬಡಿಸಬೇಕು. ಮಿಂಟಿನಲ್ಲಿ ಪ್ರಿಂಟರಿನ ಹೆಸರು ಕಾಣುತ್ತದೆ, ಕೆಲಸ ಸರದಿಗೆ ಸೇರುತ್ತದೆ, ಹಸಿರು ದೀಪ ಮಿನುಗುತ್ತದೆ, ಕಾಗದ ಮಾತ್ರ ಹೊರಬರುವುದಿಲ್ಲ. ಅಕ್ಕನ ಮಗ ಪುಣೆಯಿಂದಲೇ ನನ್ನ ಪರದೆ ನೋಡುತ್ತ ರಾತ್ರಿಯೆಲ್ಲ ಗುದ್ದಾಡಿದ. ಒಂದು ಪುಟ ಬಂತು, ಆಮೇಲೆ ಮತ್ತೆ ಮೌನ. ಡ್ರೈವರ್‌ರಹಿತವಾಗಿ ನಡೆಯುವ ಈಚಿನ ವೈಫೈ ಪ್ರಿಂಟರುಗಳಿಗೆ ಈ ತಾಪತ್ರಯ ಇಲ್ಲವಂತೆ. ತಂಗಿಯ ಮನೆಯದನ್ನು ತಂದಿಟ್ಟಾಗ ಏನೂ ಹಾಕದೆ ತಾನಾಗಿ ಅಚ್ಚು ಹಾಕಿತು, ನನ್ನ ಹೊಟ್ಟೆ ಉರಿಸಿತು.

ಹಾಗಾಗಿ ಈಗಿನ ವ್ಯವಸ್ಥೆ ಹೀಗಿದೆ. ಟೈಪಿಂಗ್, ಇಮೇಲು, ಬ್ಯಾಂಕು ಎಲ್ಲ ಮಿಂಟಿನಲ್ಲಿ. ಪ್ರೂಫ್ ತೆಗೆಯಬೇಕಾದಾಗ, ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರಿನ ಹಳೇ ಸಂಚಿಕೆ ಬಿಚ್ಚಬೇಕಾದಾಗ ನೆಟ್ಟಿನ ವೈರು ಕಿತ್ತು ಹಳೇ ಡಿಸ್ಕಿನ ವಿಂಡೋಸಿಗೆ ಹೋಗುತ್ತೇನೆ. ಅಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಮದರ್‌ಬೋರ್ಡಿನ ಗಡಿಯಾರವನ್ನು ಮಿಂಟ್ ಗ್ರೀನಿಚ್ ಸಮಯ ಎಂದೂ ವಿಂಡೋಸ್ ಭಾರತದ ಸಮಯ ಎಂದೂ ಓದುವುದರಿಂದ ಈ ಎಡವಟ್ಟು. ಸರಿಪಡಿಸಲು ಒಂದು ಸಾಲಿನ ಆಜ್ಞೆ ಇದೆ. ಪ್ರೂಫಿಗೆ ಸಮಯ ಎಷ್ಟಾದರೇನು ಎಂದು ಬಿಟ್ಟಿದ್ದೇನೆ.

ಮನೆಯಲ್ಲಿ ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು ಈ ದಾರಿಗೆ ಬರಬೇಡಿ, ಅದು ವಿಂಡೋಸಿನದೇ. ಬರೀ ಬ್ರೌಸರು, ಬರವಣಿಗೆ ಸಾಕೆನ್ನುವವರಿಗೆ ಧಾರಾಳವಾಗಿ ಹೇಳುತ್ತೇನೆ. ನನ್ನಂಥವರಿಗೆ ಐದಕ್ಕೆ ಮೂರೂವರೆ. ಹಾಕುವ ಮೊದಲು 8 ಜಿಬಿ ಪೆನ್‌ಡ್ರೈವಿನಲ್ಲಿ ಮಿಂಟ್ ತುಂಬಿಕೊಂಡು ಅದರಿಂದಲೇ ಕಂಪ್ಯೂಟರ್ ಶುರುಮಾಡಿ. ಡಿಸ್ಕಿಗೆ ಏನೂ ಆಗುವುದಿಲ್ಲ. ಪ್ರಿಂಟರಿನ ಕೇಬಲ್ ಚುಚ್ಚಿ ಒಂದು ಪುಟವಲ್ಲ, ಹತ್ತು ಪುಟ ತೆಗೆದು ನೋಡಿ. ದೀಪಾವಳಿ ಕಳೆದ ಮೇಲೆ ನಾನು ಸೆಕೆಂಡ್‌ಹ್ಯಾಂಡ್ ಪ್ರಿಂಟರ್ ನೋಡಲು ಲ್ಯಾಮಿಂಗ್ಟನ್ ರೋಡಿಗೆ ಹೋಗುವವಳಿದ್ದೇನೆ, ಪೆನ್‌ಡ್ರೈವ್ ಚೀಲದಲ್ಲಿಟ್ಟುಕೊಂಡೇ.